ಕುಂತ ಗದಿಗೆಪ್ಪ, ಓಡಿದ ದುಂಡವ್ವ

ಬರ್ರಿ, ಬರ್ರಿ, ಕುಂದ್ರಿ. ಕುಂದ್ರಿ ಅಂದೆ ಅಂತ ಊರಿಕೊಂಡ ಕುಂದ್ರಬ್ಯಾಡ್ರಿ ಮತ್ತ! ಈ ಕತಿ ಇರೂದ ಕುಂದ್ರೂದರ ಮ್ಯಾಲ.

ನೇಕಾರ ಓಣ್ಯಾಗ ದುಂಡವ್ವ ಅಂತ ಒಬ್ಬಾಕಿ ಇದ್ಲು. ಗಂಡ ತೀರಿಕೊಂಡಿದ್ದ. ಇದ್ದಾವ ಒಬ್ಬನ ಮಗ, ಗದಿಗೆಪ್ಪ. ಆಳು ನೋಡಿದ್ರ ಬಾಗಲಾ ತುಂಬತಿದ್ದ, ತಲಿ ಮಾತ್ರ ಖಾಲಿ ಕೊಡ. "ಹಾಲು ಉಕ್ಕೂದನ್ನ ನೋಡೋ" ಅಂದ್ರ ಉಕ್ಕಿ ಒಲಿ ಆರೂತನಕ ನೋಡಿ, "ಯವ್ವಾ, ಭಾಳ ಛಂದ ಉಕ್ಕಿತು!" ಅಂತಿದ್ದ. ಹೇಳಿದ್ದನ್ನ ಹೇಳಿದಾಂಗ ಮಾಡಾವ. ಅದ ಅವನ ರೋಗ.

ಮಗ ಹಿಂಗಿದ್ರ ದುಡಿಯಾವರ್ಯಾರು? ದುಂಡವ್ವನ ದುಡೀಬೇಕು. ಮಗ್ಗದ ಮನ್ಯಾವರಿಗೆ ಕಂಡಿಕಿ ಸುತ್ತಿ ಕೊಡತಿದ್ಲು. ಅಂದ್ರ ಸಣ್ಣ ಕೊಳವಿಗೆ ನೂಲು ಸುತ್ತೂ ಕೆಲಸ. ರಾಟಿ ಮುಂದ ಕಾಲು ಮಡಿಚಿ ಕುಂತ್ಲಂದ್ರ ಕುಂತ್ಲು. ಹೊತ್ತು ಹುಟ್ಟಿದಾಗ ಕುಂತಾಕಿ ಹೊತ್ತು ಮುಣಗಿದಾಗ ಏಳಾಕಿ. ಉಣ್ಣೂದು ಅಲ್ಲೇ, ಚಾ ಕುಡಿಯೂದು ಅಲ್ಲೇ, ಮಗನ್ನ ಬೈಯೂದೂ ಅಲ್ಲೇ.

ಹಿಂಗ ಕುಂತು ಕುಂತು ಒಂದಿನ ಆಕಿ ಕಾಲು ಬಾತು ಕಂಬ ಆದ್ವು. ಸೊಂಟ ಹಿಡಕೊಂತು. ತೊಡಿ ಜೋಮ ಹಿಡದು, ಚಿವುಟಿದ್ರೂ ಗೊತ್ತಾಗವಲ್ದು. ಗದಿಗೆಪ್ಪ ಹೆದರಿ ವೈದ್ಯರನ್ನ ಕರಕೊಂಡ ಬಂದ.

ವೈದ್ಯರು ಕಾಲು ಒತ್ತಿ ನೋಡಿದ್ರು. ಬಟ್ಟು ಒತ್ತಿದಲ್ಲಿ ತಗ್ಗು ಬಿತ್ತು.

"ದುಂಡವ್ವಾ, ಇದಕ್ಕ ಎಣ್ಣಿ ಬ್ಯಾಡ, ಕಷಾಯ ಬ್ಯಾಡ. ದಿನಾ ಭಾಳೊತ್ತು ಕುಂತು ರಕ್ತ ಕಾಲಾಗ ನಿಂತೈತಿ. ಹಿಂಗ ಕುಂತ್ರ ಮುಂದ ಹಾಸಿಗಿ ಹಿಡೀತಿ ನೋಡು."

"ಅಯ್ಯ ಯಪ್ಪಾ! ನಾ ಹಾಸಿಗಿ ಹಿಡದ್ರ ಈ ಹುಚ್ಚಪ್ಪಗ ರೊಟ್ಟಿ ಬಡಿಯಾವರ್ಯಾರ್ರೀ?"

ವೈದ್ಯರು ಗದಿಗೆಪ್ಪನ ಕಡೆ ತಿರುಗಿದ್ರು. "ತಮ್ಮಾ, ನಿಮ್ಮವ್ವನ್ನ ಕುಂದ್ರಾಕ ಬಿಡಬ್ಯಾಡ!"

"ಆತ್ರಿ!" ಅಂದ ಗದಿಗೆಪ್ಪ.

ಆತು! ಮರುದಿನ ದುಂಡವ್ವ ರಾಟಿ ಮುಂದ ಬಂದ್ಲು, ಚಾಪಿ ಇಲ್ಲ. ಹೊರಗ ಕಟ್ಟಿಗೆ ಬಂದ್ಲು, ಕಟ್ಟಿ ಮ್ಯಾಲ ನೀರು ಸುರುವಿದ್ದ. ಉಣ್ಣಾಕ ಕುಂದ್ರಬೇಕಂದ್ರ ಗಂಗಾಳ ಕಸಕೊಂಡು, "ನಿಂತ ಉಣ್ಣು!" ಅಂದ. ಸಂಜಿಮುಂದ ಪಾಪ, ಗ್ವಾಡಿಗೆ ಆನಿಕೊಂಡು ಜಾರಿ ಜಾರಿ ಕೆಳಗ ಬರಾಕತ್ತಿದ್ಲು, ಬಗಲಾಗ ಕೈ ಹಾಕಿ ಎತ್ತಿ ನಿಲ್ಲಿಸಿದ. "ಜಾರಿ ಕುಂತ್ರೂ ಕುಂತಾಂಗ, ಯವ್ವಾ!"

ದುಂಡವ್ವಗ ಸಿಟ್ಟು ನೆತ್ತಿಗೇರ್ತು. "ನಿನ್ನ ಬಾಯಾಗ ಮಣ್ಣ ಬೀಳಲಿ!" ಅಂತ ಕಸಬರಿಗಿ ತಗೊಂಡ್ಲು. ಗದಿಗೆಪ್ಪ ಓಡಿದ, ಆಕಿ ಬೆನ್ನು ಹತ್ತಿದ್ಲು. ಕುಂಟಕೋತ ಕುಂಟಕೋತ ಹೊಸ್ತಿಲತನಕ ಹ್ವಾದ್ಲು, ಅಲ್ಲೇ ತೇಕಿ ನಿಂತ್ಲು.

"ಅಲ್ಲಲೇ ಹುಚ್ಚಪ್ಪಾ! ಕುಂದ್ರಬ್ಯಾಡ ಅಂತ ಯಾರಿಗೂ ಅನಬಾರ್ದು. ಭಾಳೊತ್ತು ಕುಂತಿದ್ರ, ಕೈ ಹಿಡದು ಎಬ್ಬಿಸಿ ನಾಕ ಹೆಜ್ಜಿ ಅಡ್ಡಾಡಸಬೇಕು. ತಿಳೀತ?"

"ತಿಳೀತು ಯವ್ವಾ! ಕೈ ಹಿಡದು ಎಬ್ಬಸೂದು!"

ಮಾರನೇ ದಿನ ಕಂಡಿಕಿ ಕೊಟ್ಟ ಬಾ ಅಂತ ಕಳಿಸಿದ್ಲು. ಹಾದ್ಯಾಗ ಬೇವಿನ ಗಿಡದ ಬುಡಕ ಊರ ಗೌಡ್ರು ಕ್ಷೌರಕ್ಕ ಕುಂತಿದ್ರು. ಒಂದ ಗಲ್ಲ ಬೋಳಿಸಿತ್ತು, ಇನ್ನೊಂದ ಗಲ್ಲಕ್ಕ ಸಾಬೂನ ನೊರಿ. ಗದಿಗೆಪ್ಪ ಕಂಡಿಕಿ ಕೊಟ್ಟು ಹೊಳ್ಳಿ ಬಂದಾಗೂ ಗೌಡ್ರು ಅಲ್ಲೇ!

"ಅಯ್ಯಯ್ಯ, ಭಾಳೊತ್ತಾತು!" ಅಂದಾವನ ಗೌಡ್ರ ಕೈ ಹಿಡದು ಎಳದ. "ಏಳ್ರಿ! ಕಾಲು ಬಾಯ್ತಾವ!"

"ಏ, ಬಿಡಲೇ! ಬಿಡಲೇ!"

ಬಿಟ್ಟಾನೇನು? ನೊರಿ ಸುರಿಸಿಕೋತ, ಧೋತ್ರ ಜಗ್ಗಿಕೋತ ಗೌಡ್ರನ್ನ ಓಣಿ ತುಂಬಾ ಅಡ್ಡಾಡಿಸಿದ. ಕ್ಷೌರದ ನಿಂಗಪ್ಪ ಕತ್ತಿ ಹಿಡಕೊಂಡು ಹಿಂದ, ನಾಯಿ ಬೊಗಳಿಕೋತ ಅವನ ಹಿಂದ. ಹೆಣ್ಣಮಕ್ಕಳು ಬಾಗಲಾಗ ನಿಂತು ಸೆರಗು ಬಾಯಿಗಿಟ್ಟುಕೊಂಡ್ರು.

ಸುದ್ದಿ ಗದಿಗೆಪ್ಪನಕಿಂತ ಮೊದಲ ಮನಿಗೆ ಬಂತು. ದುಂಡವ್ವ ಕಸಬರಿಗಿ ತಗೊಂಡ್ಲು, ಗದಿಗೆಪ್ಪ ಓಡಿದ, ಆಕಿ ಬೆನ್ನು ಹತ್ತಿದ್ಲು. ಈ ಸಲ ಬಾವಿತನಕ!

"ಯಾರನ್ನ ಮುಟ್ಟಬೇಕು, ಯಾರನ್ನ ಮುಟ್ಟಬಾರ್ದು ಗೊತ್ತಿಲ್ಲೇನಲೇ ನಿನಗ! ದೊಡ್ಡವರನ್ನ ಹಿಡದ ಎಳೀತಾರೇನು? ಕಿವ್ಯಾಗ ಮೆತ್ತಗ ಹೇಳಬೇಕು. 'ಎದ್ದು ನಾಕ ಹೆಜ್ಜಿ ಅಡ್ಡಾಡ್ರಿ' ಅಂತ. ತಿಳೀತ?"

"ತಿಳೀತು ಯವ್ವಾ! ಕಿವ್ಯಾಗ ಮೆತ್ತಗ!"

ಒಂದೆರಡ ದಿನ ಬಿಟ್ಟು ಮ್ಯಾಗಿನ ಓಣಿಯ ಮುಪ್ಪಣ್ಣ ಮುತ್ಯಾ ತೀರಿಕೊಂಡ. ತುಂಬಿದ ವಯಸ್ಸಿನ ಹಿರಿ ಮನಷ್ಯಾ. ದುಂಡವ್ವನ ಮನಿಯಂಗ ಅದೂ ಲಿಂಗಾಯತರ ಮನಿ. ನಿಮಗ ಗೊತ್ತಲ್ಲ, ಅವರೊಳಗ ಸತ್ತವರನ್ನ ಮಲಗಸೂದಿಲ್ಲ. ಗ್ವಾಡಿಗೆ ಆನಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಕುಂದ್ರಿಸಿರತಾರ. ಮುತ್ಯಾನೂ ಮುಂಜಾನಿಂದ ಪಡಸಾಲ್ಯಾಗ ಹಂಗ ಕುಂತಿದ್ದ. ಮುಂದ ಭಜನಿ, ಬಾಜೂಕ ಹೆಣ್ಣಮಕ್ಕಳ ಅಳು.

ದುಂಡವ್ವಗ ಕೆಲಸ ಇತ್ತು. "ನನ್ನ ಬದಲಿ ನೀ ಹೋಗಿ ಮುಖಾ ತೋರಿಸಿ ಬಾರೋ" ಅಂದ್ಲು. ಕಳಸಬಾರ್ದಿತ್ತು, ಕಳಿಸಿದ್ಲು!

ಗದಿಗೆಪ್ಪ ಬಂದ, ಮೂಲ್ಯಾಗ ನಿಂತ, ನೋಡಿದ. ಎಲ್ಲಾರೂ ಏಳ್ತಾರ, ಕುಂದ್ರತಾರ. ಮುತ್ಯಾ ಮಾತ್ರ ಏಳವಲ್ಲ. ಮೆಲ್ಲಕ ಮಂದ್ಯಾಗ ತೂರಿ, ಮುತ್ಯಾನ ಕಿವಿಗೆ ಬಾಯಿ ಹಚ್ಚಿದ.

"ಮುತ್ಯಾ, ಮುಂಜಾನಿಂದ ಕುಂತೀದಿ. ಎದ್ದು ನಾಕ ಹೆಜ್ಜಿ ಅಡ್ಡಾಡು."

ಮುತ್ಯಾ ಮಾತಾಡಲಿಲ್ಲ. ಕಿವಿ ಕೇಳಸೂದಿಲ್ಲ ಅಂದುಕೊಂಡು ಸ್ವಲ್ಪ ಜೋರ ಮಾಡಿದ.

"ಏಳು ಮುತ್ಯಾ! ಕಾಲು ಬಾಯ್ತಾವ!"

ಭಜನಿ ನಿಂತಿತು. ಅಳು ನಿಂತಿತು. ಹಿರಿಮಗ ಎದ್ದು ಬಂದ.

"ಏ ಮಬ್ಬಾ! ಅಪ್ಪ ಸತ್ತಾನಲೇ!"

"ಮತ್ತ? ಅದನ್ನ ನಾ ಹೇಳಾಕತ್ತೀನ್ರಿ! ಹಿಂಗ ಕುಂತ್ರ ಇನ್ನೇನಾಗ್ತೈತಿ?"

ಅಳಾಕತ್ತಿದ್ದ ಸೊಸಿ ಫಕ್ಕನ ನಕ್ಕಬಿಟ್ಲು. ಆಮ್ಯಾಲ ಗದಿಗೆಪ್ಪಗ ಬಿದ್ದ ಏಟು ನಾ ಎಣಿಸಿಲ್ಲ.

ದುಂಡವ್ವ ಕಸಬರಿಗಿ ತಗೊಂಡ್ಲು, ಗದಿಗೆಪ್ಪ ಓಡಿದ, ಆಕಿ ಬೆನ್ನು ಹತ್ತಿದ್ಲು. ಬಾವಿ ದಾಟಿದ್ಲು, ಗುಡಿ ಸುತ್ತಿದ್ಲು, ಊರ ಅಗಸಿ ಬಾಗಲಾತನಕ ಹೋಗಿ ಹಿಡದ್ಲು!

"ಊರಾಗ ಮುಖಾ ಎತ್ತದಾಂಗ ಮಾಡಿದಲ್ಲೋ! ಸತ್ತ ಮನ್ಯಾಗ ಬಾಯಿ ಬಿಡಬಾರ್ದಲೇ! ಎಲ್ಲಾರೂ ಕುಂತ್ರ ಕುಂದ್ರಬೇಕು, ಎಲ್ಲಾರೂ ಅತ್ತರ ಅಳಬೇಕು. ತಿಳೀತ?"

"ತಿಳೀತು ಯವ್ವಾ! ಎಲ್ಲಾರೂ ಅತ್ತರ ಅಳೂದು!"

ಅಷ್ಟರಾಗ ವೈದ್ಯರು ಅಗಸ್ಯಾಗ ಎದರಾದ್ರು. ದುಂಡವ್ವನ ಕಾಲು ನೋಡಿ ಕಣ್ಣು ದೊಡ್ಡದು ಮಾಡಿದ್ರು.

"ಏನ ದುಂಡವ್ವಾ, ಬಾವು ಇಳದೈತಲ್ಲ! ಏನ ಹಚ್ಚಿದಿ?"

"ಏನ ಹಚ್ಚಲ್ರೀ ಯಪ್ಪಾ! ಈ ಮಗ ಒಂದೊಂದ ಘನಕಾರ್ಯ ಮಾಡಿ ಬರ್ತಾನ, ನಾ ಕಸಬರಿಗಿ ಹಿಡದು ಬೆನ್ನು ಹತ್ತತೀನಿ. ಕುಂದ್ರಾಕ ಪುರಸತ್ತ ಎಲ್ಲೈತಿ?"

ವೈದ್ಯರು ಹೊಟ್ಟಿ ಹಿಡಕೊಂಡು ನಕ್ಕು ಗದಿಗೆಪ್ಪನ ಬೆನ್ನು ಚಪ್ಪರಿಸಿದ್ರು. "ಶಾಬಾಸ್ ತಮ್ಮಾ! ಇದಕಿಂತ ಬೇರೆ ಔಷಧ ಇಲ್ಲ. ದಿನಾ ಒಂದ ತಪ್ಪು ಮಾಡು!"

ವೈದ್ಯರು ನಗಚಾಟಿಗೆ ಅಂದಿದ್ದು. ಗದಿಗೆಪ್ಪ ಅದನ್ನ ಖರೇ ಅಂತ ಮನಸಿನಾಗ ಗಂಟ ಹಾಕಿಕೊಂಡ.

ಮರುದಿನ ದುಂಡವ್ವ ನೀರಿಗೆ ಹ್ವಾದ್ಲು. ಈಗ ಆಕಿಗೆ ಅಡ್ಡಾಡೂ ರುಚಿ ಹತ್ತಿತ್ತು, ಹತ್ತರದ ಬಾವಿ ಬಿಟ್ಟು ದೂರದ ಕೆರಿಗೇ ಹೊಂಟಿದ್ಲು. ಗದಿಗೆಪ್ಪ ಕಟ್ಟಿ ಮ್ಯಾಲ ಗ್ವಾಡಿಗೆ ಆನಿಕೊಂಡು ಕುಂತ. ಅವ್ವನ ಕಾಲು ಉಳೀಬೇಕಂದ್ರ ಇವತ್ತೊಂದ ತಪ್ಪು ಮಾಡಬೇಕು. ಏನ ತಪ್ಪು ಮಾಡಲಿ? ಇಷ್ಟ ದಿನ ಅವಂಗ ತಪ್ಪು ತಾವ ಆಗತಿದ್ವು, ಈಗ ಬೇಕಂದ್ರ ಒಂದೂ ಹೊಳಿವಲ್ದು! ಕಣ್ಣು ಮುಚ್ಚಿ ವಿಚಾರ ಮಾಡಿದ. ದುಂಡವ್ವ ನೀರು ತಂದು ಹಾಕಿದ್ಲು, ರೊಟ್ಟಿ ಮಾಡಿಟ್ಲು, ಮತ್ತ ಕೆರಿಗೆ ಹ್ವಾದ್ಲು. ಮಗ ಹಂಗ ಕುಂತಿದ್ದ. ಮೂಗಿನ ಮ್ಯಾಲ ನೊಣ ಕುಂತ್ರೂ ಹೊಡಕೊಳ್ಳಲಿಲ್ಲ.

ಬಾಜೂ ಮನಿ ಗೌರವ್ವ ಬಂದ್ಲು. "ಗದಿಗೆಪ್ಪಾ!" ತಪ್ಪು ಹುಡಕೂದರಾಗ ಮುಣಗಿದಾವಗ ಕೇಳಸಲಿಲ್ಲ. ಕಾಲು ಅಲ್ಲಾಡಿಸಿದ್ಲು, ಕಟಗಿ ಹಂಗ ಬಿರಸು. ಚಿವುಟಿದ್ಲು, ಹಂದಲಿಲ್ಲ! ಹಂದೂದು ಹ್ಯಾಂಗ, ಮುಂಜಾನಿಂದ ಕುಂತು ಜೋಮ ಹಿಡದಿತ್ತು.

"ಅಯ್ಯಯ್ಯೋ! ದುಂಡವ್ವನ ಮಗಾ ಹ್ವಾದನೇ!"

ಓಣಿ ಕೂಡಿತು. ಕುಂತಾವ ಹ್ಯಾಂಗೂ ಕುಂತಾನ, ಕುಂದ್ರಸೂ ಕೆಲಸ ಸೈತ ಇಲ್ಲ! ಒಬ್ರು ವಿಭೂತಿ ಹಚ್ಚಿದ್ರು, ಒಬ್ರು ಹಾರ ತಂದ್ರು. ಗೌಡ್ರು ಸೈತ ಬಂದು, "ಪಾಪ, ಮನಸಿನಾಗ ಕಪಟ ಇರಲಿಲ್ಲ" ಅಂತ ಕಣ್ಣೀರ ಒರಸಿಕೊಂಡ್ರು.

ಅತ್ತ ಕೆರಿ ದಂಡಿಗೆ ಸುದ್ದಿ ಮುಟ್ಟಿತು. ದುಂಡವ್ವನ ಎದಿ ಒಡೀತು. ಕೊಡ ಅಲ್ಲೇ ಒಗದ್ಲು, ಸೀರಿ ಎತ್ತಿ ಕಟ್ಟಿಕೊಂಡ್ಲು, ಓಡಿದ್ಲು ನೋಡ್ರಿ! ಹಾಸಿಗಿ ಹಿಡಿಯಬೇಕಾದಾಕಿ, ಕೆರಿಯಿಂದ ಓಣಿತನಕ ಒಂದ ಉಸರಿಗೆ ಓಡಿದ್ಲು. "ನನ್ನ ಕೂಸಾ! ಇನ್ನ ಬೈಯೂದಿಲ್ಲೋ! ಏಳೋ!" ಅಂತ ಮಗನ ಮ್ಯಾಲ ಬಿದ್ಲು.

ಬಿದ್ದಾಕಿ ಗಕ್ಕನ ನಿಂತ್ಲು. ಮಗನ ಗಲ್ಲದ ಮ್ಯಾಲ ನೀರು ಹರೀತಿತ್ತು. ಬಿಸಿ ನೀರು! ಬಾಯಿ ಬಿಗಿ ಹಿಡದು ಮಂದಿಗಿಂತ ಹೆಚ್ಚ ಕಣ್ಣೀರ ಸುರಸಾಕತ್ತಿದ್ದ ಮಗ!

"ಗದಿಗೆಪ್ಪಾ! ಬದುಕೀದೇನೋ!"

ಅವ ಒಂದ ಕಣ್ಣು ತೆರದು ಆಕಿ ಕಿವ್ಯಾಗ ಮೆತ್ತಗ ಅಂದ:

"ಶ್! ಸುಮ್ಮನ ಅಳು ಯವ್ವಾ, ಸತ್ತ ಮನ್ಯಾಗ ಬಾಯಿ ಬಿಡಬಾರ್ದು ಅಂತ ನೀನ ಹೇಳೀದಿ. ಸತ್ತಾವರ್ಯಾರೋ ಏನೋ, ಭಾಳ ಛಲೋ ಮನಷ್ಯಾ ಇರಬೇಕು, ಊರ ಅಳಾಕತ್ತೈತಿ!"