ಜೋಡಿ ಜಿಂಕೆ ಬೋರ್ಡಿನ ಮೂಲೆ

ದಾವಣಗೆರೆಯಲ್ಲಿ ಒಂದು ಸಂಗ್ರಹಾಲಯ. ಅಲ್ಲಿಯವರು ಹಳೆಯ ಜಾಹೀರಾತು ಬೋರ್ಡುಗಳನ್ನು ಗೋಡೆಗೆ ಹಾಕಿ, ಕೆಳಗೆ ಆಯಾ ಅಂಗಡಿಯವರ ಹೆಸರು ಬರೆಸಲು ಹೊರಟರು. ಚಹಾ, ಸಾಬೂನು ಯಾವುದೇ ಇರಲಿ, ಒಂದು ಗುರುತಿನ ಬೋರ್ಡು ಒಂದೇ ಸಾಕು, ಅದು ಅಸಲಿಯೇ ಆಗಿರಬೇಕು ಎಂದರು.

ನಾಗವೇಣಿಯ ಮನೆಯಲ್ಲಿ 'ಜೋಡಿ ಜಿಂಕೆ ಚಹಾ'ದ ಬೋರ್ಡಿತ್ತು. ದಪ್ಪ ತಗಡು, ಮೇಲೆ ಪಿಂಗಾಣಿ ತಟ್ಟೆಯಂಥ ಲೇಪ. ಅದು ಅವಳ ಅಜ್ಜ ಮರುಳಸಿದ್ದಪ್ಪನ ಕಿರಾಣಿ ಅಂಗಡಿಯದು. ಅಂಗಡಿ ಮುಚ್ಚಿ, ಕಟ್ಟಡ ಬಿದ್ದು, ಅಜ್ಜನ ಹೆಸರನ್ನು ಊರೇ ಮರೆತಿತ್ತು. ಆ ಹೆಸರು ಗೋಡೆಯ ಮೇಲೆ ಬರಲಿ ಎಂಬುದೊಂದೇ ಅವಳ ಆಸೆ.

ಪಕ್ಕದ ಬೀದಿಯ ಕೊಟ್ರಪ್ಪನೂ ಎಲ್ಲಿಂದಲೋ ಅದೇ ಗುರುತಿನ ಬೋರ್ಡು ಕೊಂಡು ತಂದು, ನಮ್ಮಜ್ಜನ ಕಾಲದ್ದು ಎಂದು ಹೇಳಿಕೊಂಡು ತಿರುಗುತ್ತಿದ್ದ. ಮೈತುಂಬ ತುಕ್ಕು! ನೋಡಿದವರು ಕೈಮುಗಿಯಬೇಕು, ಅಷ್ಟು ಹಳತಾಗಿ ಕಾಣುತ್ತಿತ್ತು.

"ನಿಂದೇನು ನಾಗವೇಣಿ, ಮಿರಿಮಿರಿ ಮಿಂಚ್ತೈತೆ! ಮೊನ್ನೆ ಮಾಡಿಸಿದ್ದೇನು?" ಎಂದು ಅವನು ನಕ್ಕ. ಬೀದಿಯವರೂ ನಕ್ಕರು.

ನಾಗವೇಣಿ ಬೋರ್ಡನ್ನು ಮತ್ತೆ ಮತ್ತೆ ನೋಡಿದಳು. ಚಿಕ್ಕಂದಿನಿಂದ ಕಂಡ ಬೋರ್ಡು. ಆದರೂ ತನ್ನ ಕಣ್ಣಿಗಿಂತ ಕೊಟ್ರಪ್ಪನ ನಾಲಿಗೆಯನ್ನೇ ಹೆಚ್ಚು ನಂಬಿದಳು ಪುಣ್ಯಾತ್ಗಿತ್ತಿ! ಹೊಳಪು ಹೋಗಲಿ ಎಂದು ಇಟ್ಟಿಗೆ ಪುಡಿ, ಹುಣಸೆಹಣ್ಣು, ಉಪ್ಪು ತಂದು ಒಂದು ಮೂಲೆಯನ್ನು ಗಸಗಸ ಉಜ್ಜಿದಳು. ಸಾಲದೆಂದು ಸುತ್ತಿಗೆಯಿಂದ ಬಡಿದಳು. ಅಡಿಕೆ ಗಾತ್ರದ ಚೂರು ಟಣ್ಣನೆ ಹಾರಿತು. ಹೆದರಿ ಅಲ್ಲಿಗೇ ನಿಲ್ಲಿಸಿದಳು.

ಸಂಗ್ರಹಾಲಯಕ್ಕೆ ಬಂದ ಬೋರ್ಡುಗಳನ್ನು ಪರೀಕ್ಷಿಸಲು ಹಳೇ ಸಾಮಾನಿನ ವ್ಯಾಪಾರಿ ರುದ್ರಮುನಿ ಬಂದರು. ನಾಗವೇಣಿಯ ಬೋರ್ಡಿನ ಮೂಲೆಯ ಮೇಲೆ ಹೆಬ್ಬೆರಳಾಡಿಸಿದರು.

"ಏನವ್ವಾ, ಇಲ್ಲಿ ಉಜ್ಜಿದ ಗೆರೆ ಹೊಸವು ಅದಾವಲ್ಲ? ಹಿಂಗೆ ಉಜ್ಜೋರು ನಕಲಿ ಮಾಡೋರೇ" ಎಂದು ಅದನ್ನು ಬದಿಗೆ ತಳ್ಳಿದರು. ಕೊಟ್ರಪ್ಪ ಮೀಸೆ ತಿರುವಿದ.

ನಾಗವೇಣಿಯ ಕಣ್ಣು ತುಂಬಿತು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ನಾನೇ ಉಜ್ಜಿದ್ದು ಸಾರ್. ಹೊಳೀತೈತೆ ಅಂತ ಎಲ್ರೂ ನಕ್ಕರು. ಹಳೇದರ ಹಂಗೆ ಕಾಣ್ಲಿ ಅಂತ ಮಾಡಿದೆ."

ರುದ್ರಮುನಿ ಹಣೆ ಚಚ್ಚಿಕೊಂಡರು. "ಅಲ್ಲ ತಾಯಿ, ಇದು ಗಾಜು ಕಾಯಿಸಿ ಕೂರಿಸಿದ ಲೇಪ. ಎಷ್ಟು ಬಿಸಿಲು ಕಂಡ್ರೂ ಹೊಳಪು ಬಿಡಲ್ಲ!" ಎನ್ನುತ್ತ ಎರಡೂ ಬೋರ್ಡುಗಳನ್ನು ಬೋರಲು ಹಾಕಿದರು.

ನಾಗವೇಣಿಯ ಬೋರ್ಡಿನ ಹಿಂದೆ, ಅಂಚಿನುದ್ದಕ್ಕೂ ಸುಣ್ಣ ಪದರ ಪದರವಾಗಿ ಕೂತಿತ್ತು. ಒಂದು ಬಿಳಿ, ಅದರಡಿ ನೀಲಿ ಬೆರೆತದ್ದು, ಅದರಡಿ ಹಳದಿ. ದೀಪಾವಳಿ ಬಂದಾಗಲೆಲ್ಲ ಅಜ್ಜ ಬೋರ್ಡು ಇಳಿಸದೆ ಸುತ್ತಲೂ ಸುಣ್ಣ ಬಳಿಸುತ್ತಿದ್ದದ್ದು ಅವಳಿಗೆ ಆಗ ನೆನಪಾಯಿತು. ತುಕ್ಕು ಇದ್ದದ್ದು ಮೊಳೆ ಹೊಡೆದ ತೂತುಗಳ ಸುತ್ತ ಮಾತ್ರ.

ಕೊಟ್ರಪ್ಪನ ಬೋರ್ಡಿಗೆ ಹಿಂದೂ ಮುಂದೂ ಒಂದೇ ಸಮನೆ ತುಕ್ಕು. ತೂತುಗಳಲ್ಲಿ ಮೊಳೆ ಕೂತ ಗುರುತೇ ಇಲ್ಲ.

"ಕೊಟ್ರಪ್ಪಾ, ನಿನ್ನ ಬೋರ್ಡು ಇನ್ನೂ ಗೋಡೇನೇ ಕಂಡಿಲ್ಲಪ್ಪ" ಎಂದರು ರುದ್ರಮುನಿ. ಕೊಟ್ರಪ್ಪ ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ಜಾಗ ಖಾಲಿ ಮಾಡಿದ.

ಜೋಡಿ ಜಿಂಕೆ ಗೋಡೆಗೇರಿತು. ಕೆಳಗೆ ಮರುಳಸಿದ್ದಪ್ಪನ ಹೆಸರು ಬಂತು. ನಾಗವೇಣಿ ಅದನ್ನು ಓದಿ ಓದಿ ಹಿಗ್ಗಿದಳು. ಆಮೇಲೆ ಮೆಲ್ಲಗೆ, "ಸಾರ್, ಆ ಮೂಲೆಗೆ ಚೂರು ಬಣ್ಣ ಹಚ್ಚಿ ಮುಚ್ಚಬಹುದಾ?" ಎಂದಳು.

"ಮತ್ತೆ ಶುರು ಮಾಡಿದ್ಯಾ?" ಎಂದು ರುದ್ರಮುನಿ ಗದರಿದರು.

ಮೂಲೆ ಹಾಗೇ ಉಳಿಯಿತು. ನೋಡಲು ಬಂದವರು, "ಅಯ್ಯೋ, ಇಷ್ಟು ಚೆಂದದ ಬೋರ್ಡು! ಅಂಗಡೀಲಿ ಏನೋ ಬಡಿದಿರಬೇಕು" ಎಂದು ಮರುಗುತ್ತಾರೆ. ಜೊತೆಗೆ ನಾಗವೇಣಿ ಇದ್ದರೆ ತಾನೇ ಹೇಳುತ್ತಾಳೆ: "ಅಂಗಡೀಲಿ ಏನೂ ಆಗಿಲ್ಲ. ಅದು ನಾನು ಮಾಡಿದ್ದು."

ನೀತಿ: ನಕಲಿಗೆ ವೇಷ ಬೇಕು, ಅಸಲಿಗೆ ಬೇಡ. ಯಾರೋ ನಕ್ಕರೆಂದು ನಿಮ್ಮ ಸತ್ಯಕ್ಕೆ ಸುಳ್ಳಿನ ವೇಷ ಹಾಕಬೇಡಿ. ಸತ್ಯ ಹೇಗೋ ಗೆದ್ದೀತು, ಆದರೆ ನೀವು ಮಾಡಿದ ಗಾಯ ಅದರ ಮೈಮೇಲೆ ಉಳಿದುಬಿಡುತ್ತದೆ.