ಮರಳಿನ ಕಾಳಷ್ಟು ಅರಿಶಿನ

ಅರಿಶಿನ ಹಚ್ಚಿದರೆ ಸಾಯ್ತಾನೆ, ಹಚ್ಚದಿದ್ದರೆ ಮದುವೆ ಆಗಲ್ಲ, ಯಾರು ಹೇಳು? ಗೊತ್ತಿಲ್ವಾ? ನಿಮ್ಮ ಮೇಷ್ಟ್ರಿಗೂ ಗೊತ್ತಿರಲ್ಲ ಬಿಡು. ಕಣ್ಣು ಮುಚ್ಕೊಂಡು ಕೇಳು.

ಒಂದಾನೊಂದು ಕಾಲದಲ್ಲಿ, ಮೀನುಗಳೆಲ್ಲ ಬೂದಿ ಬಣ್ಣಕ್ಕಿದ್ದಾಗ, ಒಂದು ಹಳ್ಳದ ಮೇಲಿನ ಮಡುವಿನಲ್ಲಿ ಸಸಲವ್ವ ಅನ್ನೋ ಸಣ್ಣ ಮೀನು ಇದ್ದಳಂತೆ. ಅವಳಿಗೆ ಕೆಂಚ, ಮಂಕ, ಚಿಕ್ಕ ಅಂತ ಮೂವರು ಗಂಡುಮಕ್ಕಳು. ಮದುವೆಗೆ ಬಂದ ಹೆಣ್ಣುಗಳಿದ್ದದ್ದು ಕೆಳಗಿನ ಮಡುವಿನಲ್ಲಿ, ಅರಿಶಿನ ಕಾಣದ ಗಂಡನ್ನ ಅವು ತಿರುಗಿಯೂ ನೋಡ್ತಿರಲಿಲ್ಲವಂತೆ. ನಡುವಿನ ಗುಂಡಿಯಲ್ಲಿ ಒಂದು ಬಾಳೆಮೀನು, ಅದರ ಬಾಯಿ ನಮ್ಮ ಒಲೆಯಷ್ಟು.

ಮೊದಲು ಕೆಂಚ ಹೊರಟ. ಸಸಲವ್ವ ಹಿಗ್ಗಿ ಹಿಗ್ಗಿ ತಲೆಯಿಂದ ಬಾಲದ ತನಕ ಅರಿಶಿನ ಬಳಿದಳಂತೆ. ಅರಿಶಿನ ಹಚ್ಚಿದ ಮೇಲೆ ಮದುಮಗ ಹೊಸಿಲು ದಾಟಬಾರದು ಅನ್ನೋದು ಶಾಸ್ತ್ರ, ಅದು ಅವಳಿಗೂ ಗೊತ್ತಿತ್ತು, ಆದರೆ ನೀರಿಗೆಲ್ಲಿದೆ ಹೊಸಿಲು? ಹುಡುಗ ಮಿರಮಿರ ಮಿಂಚುತ್ತಾ ಗುಂಡಿಗಿಳಿದ, ಮದುವೆ ಊಟ ಬಾಳೆಮೀನೇ ಮಾಡ್ತಂತೆ.

ಆಮೇಲೆ ಅವಳು ಮಂಕನಿಗೆ ಒಂದು ಬೊಟ್ಟೂ ಇಡಲಿಲ್ಲವಂತೆ. ಅವನು ಬಾಳೆಮೀನಿನ ಮೀಸೆ ಕೆಳಗೇ ನುಸುಳಿ ಆಚೆ ಹೋದ, ಅಲ್ಲಿ ಹೆಣ್ಣುಗಳು ಕೊಳೆತ ಎಲೆ ಅಂದ್ಕೊಂಡು ಪಕ್ಕಕ್ಕೆ ತಳ್ಳಿದ್ವಂತೆ. ವಾಪಸ್ ಬಂದು, ಅವ್ವಾ, ನನ್ನನ್ನ ಒಬ್ಬಳೂ ನೋಡಲಿಲ್ಲ ಅಂದ. ಮೇವು ಬಿಟ್ಟ, ಸೊರಗಿದ, ಒಂದು ಬೆಳಗ್ಗೆ ಹೊಟ್ಟೆ ಮೇಲಾಗಿ ತೇಲಿದ.

ಆಮೇಲೆ ಚಿಕ್ಕ, ನಾನೂ ಹೋಗ್ತೀನಿ ಅಂದ. ಬೇಡ ಕಣೋ ಅಂತ ಸಸಲವ್ವ ಮೂರು ದಿನ ಅತ್ತಳಂತೆ, ನೀರೊಳಗಿನ ಕಣ್ಣೀರು ಯಾರಿಗೆ ಕಾಣುತ್ತೆ? ಕೊನೆಗೆ ತಳದ ಮರಳು ನೋಡಿ, ಕಾಳಿಗೆ ಕಾಳಷ್ಟೇ ಅಳತೆ ಹಿಡಿದು, ಅವನ ಮೈತುಂಬ ಅರಿಶಿನ, ಕುಂಕುಮ, ಕಾಡಿಗೆ ಚುಕ್ಕಿ ಚುಕ್ಕಿಯಾಗಿ ಇಟ್ಟಳಂತೆ. ಹತ್ತಿರದಿಂದ ಮದುಮಗ, ದೂರದಿಂದ ಮರಳು. ಅವನು ಒಂದು ಮಾರು ಹೋಗಿರಬೇಕು, ಹೆತ್ತವಳಿಗೇ ಕಾಣದಾದ.

"ಚಿಕ್ಕಾ, ಎಲ್ಲಿದ್ದೀಯೋ?"

"ಇಲ್ಲೇ ಇದ್ದೀನಿ ಕಣವ್ವ. ಕೂಗಬೇಡ, ಬಾಳೆಮೀನಿಗೆ ಕೇಳುತ್ತೆ."

ಅವಳು ಬಾಯಿ ಮುಚ್ಚಿಕೊಂಡಳು. ಅವನು ದಾಟಿದನೋ, ಅದರ ಬಾಯಿಗೆ ಬಿದ್ದನೋ, ಕೂಗಿ ಕೇಳೋ ಹಾಗಿಲ್ಲ. ಒಂದೊಂದೇ ಕಾಳು ನೋಡ್ತಾ ಕೂತಳಂತೆ.

ಆಮೇಲೆ, ಕೆಳಗಿನ ಮಡುವಿನಲ್ಲಿ ಪಾಚಿ ಮೇಯ್ತಿದ್ದ ಒಂದು ಹೆಣ್ಣು ಮರಳಿಗೆ ಮೂತಿ ಹಾಕಿದಾಗ ಮರಳು ನಾಚಿಕೊಳ್ತಂತೆ. ಮದುವೆ ಆಯ್ತು, ಹೆಣ್ಣುಮಕ್ಕಳು ಬೂದಿ ಮೈಯಲ್ಲೇ ಹುಟ್ಟಿದರು, ಗಂಡುಮಕ್ಕಳಿಗೆಲ್ಲ ಮೈತುಂಬ ಚುಕ್ಕಿ. ಅವರಲ್ಲೊಬ್ಬ ಸಸಲವ್ವನ್ನ ಹುಡುಕ್ಕೊಂಡು ಮೇಲೆ ಬಂದನಂತೆ. ಕತೆ ಮುಗೀತು, ಮಗ್ಗಲಾಗಿ ಮಲಕ್ಕೊ.

ಕೂಸು ಮಲಗಿತು, ಇನ್ನು ಹೇಳಬಹುದು: ಮರಳು ನಾಚಿಕೊಂಡಲ್ಲಿಂದ ಈಚೆಗಿನದು ನಾನೇ ಕಟ್ಟಿದ್ದು. ನಮ್ಮಜ್ಜಿ ಹೇಳಿದ ಕತೇಲಿ ಸಸಲವ್ವ ಇನ್ನೂ ಮರಳು ನೋಡ್ತಾನೇ ಇದ್ದಾಳೆ.