ಕೊಟ್ರ ಬರೆದ ಕಾರಣ

ಪೆದ್ದ ಮಗನನ್ನು ಹೆತ್ತವಳ ಸಿಟ್ಟು ಎಂಥದ್ದು ಅಂತ ಗೊತ್ತಾ ನಿಮಗೆ? ಗೊತ್ತಿಲ್ಲದಿದ್ದರೆ ಹಾಲವ್ವನನ್ನು ಕೇಳಿ. ದೊಡ್ಡಾಸ್ಪತ್ರೆಯ ನೆಲ ಒರೆಸಿ ಒರೆಸಿ ಮಂಡಿ ಸವೆಸಿದವಳು. ಅವಳಿಗೊಬ್ಬನೇ ಮಗ ಕೊಟ್ರ. ಬರವಣಿಗೆ ದುಂಡಗೆ, ತಲೆಯೊಳಗೆ ಹೊಟ್ಟು! ರೆಕಾರ್ಡ್ ರೂಮಿನ ಷಡಕ್ಷರಪ್ಪನ ಕೈಕಾಲು ಹಿಡಿದು ಮಗನನ್ನು ಅಲ್ಲೇ ಕೆಲಸಕ್ಕೆ ಹಚ್ಚಿದಳು.

ಕೆಲಸವೇನು? ಪೆಟ್ಟಾಗಿ ಬಂದವರ ಚೀಟಿಯಲ್ಲಿ, ಪೆಟ್ಟು ಯಾತರಿಂದ ಆಯಿತು ಅಂತ ಬರೆಯಬೇಕು. ದಪ್ಪ ಪುಸ್ತಕ ನೋಡಿ ಅದರ ನಂಬರು ಹಾಕಬೇಕು. ಮರದಿಂದ ಬಿದ್ದರೆ ಒಂದು ನಂಬರು, ನಾಯಿ ಕಚ್ಚಿದರೆ ಇನ್ನೊಂದು. ಇಷ್ಟೇ!

ಮೊದಲ ದಿನ ತೆಂಗಿನಮರದಿಂದ ಬಿದ್ದವನೊಬ್ಬ ಬಂದ. ಕೊಟ್ರ ಬರೆದ: "ಕಾಲು ಮುರಿದಿದೆ. ಬಹಳ ಅಳುತ್ತಿದ್ದಾನೆ."

"ಅದನ್ನ ಡಾಕ್ಟರು ಬರೀತಾರಲೇ!" ಅಂತ ಷಡಕ್ಷರಪ್ಪ ಚೀರಿದ. "ನೀ ಕಾರಣ ಕೇಳು! ಯಾಕ, ಯಾಕ ಅಂತ ಬುಡಕ್ಕ ಹೋಗಿ ಕೇಳು!"

"ಬುಡಕ್ಕ ಹೋಗಲೇ ಮೂಳ!" ಅಂದಳು ಹಾಲವ್ವ, ಮನೆಯಲ್ಲಿ ತಟ್ಟೆ ಕುಕ್ಕಿ.

ಆಗಲಿ ಅಂದ ಕೊಟ್ರ. ಮರುದಿನ ಕೈ ಸುಟ್ಟುಕೊಂಡ ಹೆಂಗಸೊಬ್ಬಳು ಬಂದಳು.

"ಯಾಕಾತಕ್ಕ?"

"ಎಣ್ಣಿ ಸಿಡೀತಪ್ಪ."

"ಯಾಕ ಸಿಡೀತು?"

"ಮಿರ್ಚಿ ಬಿಡ್ತಿದ್ದೆ."

"ಯಾಕ ಬಿಡ್ತಿದ್ದಿ?"

"ನಾದಿನಿ ನೋಡಾಕ ಗಂಡಿನ ಕಡೇರು ಬಂದಿದ್ರೋ ಯಪ್ಪಾ! ಮೊದ್ಲು ಮುಲಾಮು ಹಚ್ಚಸು!"

ಕೊಟ್ರ ಬರೆದ: "ಕಾರಣ: ನಾದಿನಿಯ ಮದುವೆ." ಮದುವೆಗೆ ನಂಬರು ಹುಡುಕುತ್ತ ಮಧ್ಯಾಹ್ನದ ತನಕ ಪುಸ್ತಕ ಮಗುಚಿದ. ಪೆಟ್ಟಾದವರ ಸಾಲು ಬಾಗಿಲು ದಾಟಿ ರಸ್ತೆಗೆ ಬಂತು.

ಷಡಕ್ಷರಪ್ಪನ ಸಿಟ್ಟು ನೆತ್ತಿಗೇರಿತು. "ಬುಡಕ್ಕ ಹೋಗು ಅಂದ್ರ ಬೀಗರ ಮನೀಗೆ ಹೋಗ್ತಿಯೇನಲೇ! ಮೈಗೆ ಏನು ಬಡೀತೋ ಅಷ್ಟು ಬರಿ, ಸಾಕು!"

"ಅಷ್ಟು ಬರಿಯೋ, ನನ್ನ ಹೊಟ್ಟಿ ಉರಿಸಬ್ಯಾಡ!" ಅಂತ ಹಾಲವ್ವ ತಲೆ ಚಚ್ಚಿಕೊಂಡಳು.

ಆಗಲಿ ಅಂದ ಕೊಟ್ರ. ಬೈಕಿನಿಂದ ಬಿದ್ದವನು ಬಂದ. ಮೈಗೆ ಏನು ಬಡೀತಣ್ಣ? ನೆಲ. ಎಮ್ಮೆ ಮೇಲಿಂದ ಬಿದ್ದವನು ಬಂದ. ನೆಲ. ಮಾಳಿಗೆಯಿಂದ ಬಿದ್ದವಳು ಬಂದಳು. ನೆಲ! ಆ ವಾರವೆಲ್ಲ ಊರಿಗೆ ಊರೇ ನೆಲದಿಂದ ಪೆಟ್ಟು ತಿಂದಿತು. ಮೇಲಿನ ಆಫೀಸಿನವರು ಫೋನು ಮಾಡಿ ಷಡಕ್ಷರಪ್ಪನಿಗೆ ಛೀಮಾರಿ ಹಾಕಿದರು. ಅವನು ಕೊಟ್ರನ ಮೇಲೆ ಹರಿಹಾಯ್ದ:

"ಮಂದಿ ಅಂದಿದ್ದನ್ನೆಲ್ಲ ಬರೀತಿಯೇನಲೇ! ದೇವ್ರು ಕಣ್ಣು ಕೊಟ್ಟಿಲ್ಲೇನು? ಕಣ್ಣಿಲೆ ನೋಡಿ ಬರಿ!"

"ಕಣ್ಣಿಲೆ ನೋಡದ ಒಂದಕ್ಷರ ಬರದ್ರೂ ನಿನಗ ಕೂಳಿಲ್ಲ!" ಅಂದಳು ಹಾಲವ್ವ. ಕೋಣನ ಮುಂದೆ ಕಿನ್ನರಿ ಬಾರಿಸಿದ್ದು ಸಾಕಾಗಿತ್ತು ಅವಳಿಗೆ.

ಆಗಲಿ ಅಂದ ಕೊಟ್ರ.

ಮರುದಿನ ಬೆಳಿಗ್ಗೆ ಹಾಲವ್ವ ನೀರಿನ ಬಕೆಟ್ಟು ಹಿಡಿದು ಆಸ್ಪತ್ರೆ ಮೆಟ್ಟಿಲು ಇಳಿಯುತ್ತಿದ್ದಳು. ಒಂದು ಮೆಟ್ಟಿಲ ಅಂಚು ಒಡೆದು ಎಷ್ಟು ಕಾಲವಾಗಿತ್ತೋ! ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು, ಕೇಳುವ ಪುಣ್ಯಾತ್ಮ ಒಬ್ಬನೂ ಇರಲಿಲ್ಲ. ಅಲ್ಲೇ ಕಾಲು ಜಾರಿತು, ಸೊಂಟ ಮುರಿಯಿತು. ಸ್ಟ್ರೆಚರಿನಲ್ಲಿ ಮಲಗಿಸಿ ಮಗನ ಮೇಜಿನ ಮುಂದೆ ತಂದರು.

ಕೆಲಸದ ಹೊತ್ತಿನಲ್ಲಿ ಆಸ್ಪತ್ರೆ ಮೆಟ್ಟಿಲಿಂದ ಬಿದ್ದಳು ಅಂತ ಚೀಟಿಯಲ್ಲಿದ್ದರೆ ಔಷಧಿ, ಪಗಾರ ಎಲ್ಲ ಆಸ್ಪತ್ರೆಯದು. ಇಲ್ಲದಿದ್ದರೆ ಮುರಿದ ಸೊಂಟ ಹೊತ್ತು ಮನೆಗೆ ನಡೆ ಅನ್ನುತ್ತಾರೆ. ಇದು ಹಾಲವ್ವನಿಗೆ ಚೆನ್ನಾಗಿ ಗೊತ್ತಿತ್ತು.

"ಬರಿಯೋ ಮಗನ! ಮೆಟ್ಟಿಲಿಂದ ಬಿದ್ದೆ ಅಂತ ಬರಿ!"

"ನಾ ನೋಡಲಿಲ್ಲಲ್ಲವ್ವ."

"ನಾ ಹೇಳಾಕತ್ತೀನಲ್ಲೋ!"

"ಅಂದಿದ್ದು ಬರೀಬಾರ್ದವ್ವ. ಇನ್ನೊಂದ್ಸಲ ಬೀಳು, ನೋಡಿ ಬರೀತೀನಿ."

"ಸೊಂಟ ಮುರದಾಕಿ ಹೆಂಗ ಬೀಳಲೋ, ನಿನ್ನ ಬಾಯಾಗ ಮಣ್ಣು ಹಾಕಾ!"

"ಸಿಟ್ಟಾಗಬ್ಯಾಡ. ನಾನೇ ನೋಡ್ಕೊಂಡು ಬರ್ತೀನಿ" ಅಂತ ಎದ್ದು ಹೋದ. ಒಡೆದ ಅಂಚಿನ ಮೇಲೆ ಹದವಾಗಿ ಕಾಲಿಟ್ಟ. ದಡದಡ ದಡಾರ್!

ಎಡಗೈ ಜೋತಾಡಿಸಿಕೊಂಡು, ಹಲ್ಲು ಕಿರಿಯುತ್ತ ಬಂದ. "ಕಂಡೆನವ್ವಾ! ಕಣ್ಣಾರ ಕಂಡೆ!" ಅಂತ ಅವ್ವನ ಚೀಟಿ ತುಂಬಿದ, ನಂಬರು ಹಾಕಿದ, ಮೇಲೆ ಮೊಹರನ್ನೂ ಒತ್ತಿದ. ನಂಬರು ಮಾತ್ರ ಸರಿಯಾಗೇ ಇತ್ತು.

"ಏನು ಬರದಾನ? ಓದ್ರಿ!" ಅಂತ ಹಾಲವ್ವ ಮಲಗಿದಲ್ಲಿಂದಲೇ ಗುಡುಗಿದಳು.

ಷಡಕ್ಷರಪ್ಪ ಕನ್ನಡಕ ಏರಿಸಿ ಓದಿದ:

"ಹಾಲವ್ವ. ಸೊಂಟ ಮುರಿದಿದೆ. ಕಾರಣ: ಮಗ ಮೆಟ್ಟಿಲಿಂದ ಬಿದ್ದದ್ದು."